ಬ್ರೂನೋ ಮೇಲೆ ನನಗೆ ಸಿಟ್ಟಿಲ್ಲ

ಬೆಳಗ್ಗೆ ಏಳೂ ಮುಕ್ಕಾಲು. ಮಗನ ಸ್ಕೂಲ್ ವ್ಯಾನ್ ಬರೋದಕ್ಕೆ ಇನ್ನು ಹತ್ತು ನಿಮಿಷ. ಅವತ್ತು ಶನಿವಾರ, ಬಿಳಿ ಶೂ. ಆಷಾಢದ ಮಳೆಯಲ್ಲಿ ನಮ್ಮೂರಲ್ಲಿ ಏನೂ ಒಣಗಲ್ಲ ಅಲ್ವಾ, ಅದಕ್ಕೇ ಗುರುವಾರವೇ ತೊಳೆದು ಫ್ರಿಜ್ ಹಿಂದೆ ಇಟ್ಟು ಒಣಗಿಸಿದ್ದೆ. ಗೇಟು ದಾಟಿ ಎರಡು ಹೆಜ್ಜೆ ಇಟ್ಟವನು "ಅಮ್ಮಾ" ಅಂತ ಕೂಗಿದ. ಹೋಗಿ ನೋಡಿದರೆ ಕಾಲು ನೇರ ನಾಯಿ ಕಕ್ಕದ ಮೇಲೆ. ಶೂ ಅಡಿಯ ಗೆರೆಗಳ ಒಳಗೆಲ್ಲ ಮೆತ್ತಿಕೊಂಡಿತ್ತು. ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡು ಒಂದೊಂದೇ ಗೆರೆ ಕೆರೆದು ತೆಗೆಯುತ್ತಾ ಕೂತೆ. ಎಷ್ಟು ಕೆರೆದರೂ ವಾಸನೆ ಹೋಗಲಿಲ್ಲ. ವ್ಯಾನ್ ಹಾರ್ನ್ ಹೊಡೆಯಿತು. ಮಗ ಹವಾಯಿ ಚಪ್ಪಲಿ ಹಾಕಿಕೊಂಡು ಸ್ಕೂಲಿಗೆ ಹೋದ.

ನಾವಿರೋದು ಚಿಕ್ಕಮಗಳೂರಿನ ವಿಜಯಪುರದ ಕಡೆ ಒಂದು ಅಡ್ಡರಸ್ತೆಯಲ್ಲಿ. ಹದಿನಾಲ್ಕು ಮನೆ, ಐದು ಸಾಕಿದ ನಾಯಿ. ಅದರಲ್ಲಿ ಬ್ರೂನೋ ಅನ್ನೋ ಲ್ಯಾಬ್ರಡಾರ್ ಎದುರು ಮನೆ ಅಂಕಲ್‌ದು. ತುಂಬಾ ಒಳ್ಳೆ ನಾಯಿ, ನನ್ನನ್ನು ಕಂಡರೆ ಬಾಲದ ಜೊತೆ ಇಡೀ ಮೈಯನ್ನೇ ಅಲ್ಲಾಡಿಸುತ್ತೆ. ಆದರೆ ದಿನಾ ಬೆಳಗ್ಗೆ ಅದು ಕೂರೋದು ನಮ್ಮ ಗೇಟಿನ ಪಕ್ಕ. ಅಂಕಲ್ ಚೈನ್ ಹಿಡಿದುಕೊಂಡು ಆ ಕಡೆ ನೋಡುತ್ತಾ ನಿಂತಿರುತ್ತಾರೆ. ಮುಗೀತು ಅಂದಮೇಲೆ ಹೊರಟುಬಿಡುತ್ತಾರೆ. ನಮ್ಮ ಅತ್ತೆಗೆ ಎಪ್ಪತ್ತೊಂದು ವರ್ಷ. ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡೋ ಮೊದಲು ಬಕೆಟ್ಟು, ಪೊರಕೆ ಹಿಡಿದು ಅದನ್ನ ತಳ್ಳೋದೇ ಅವರಿಗೆ ದಿನದ ಮೊದಲ ಕೆಲಸ. "ಇನ್ನೊಬ್ಬರ ಮನೆ ನಾಯಿ ಹೇಲು ಬಾಚೋ ಯೋಗ ಬಂತಲ್ಲ" ಅಂತ ಒಂದು ದಿನ ಅಂದರು. ನನಗೆ ಹೊಟ್ಟೆ ಉರಿಯಿತು.

ಎಲ್ಲರೂ ಒಂದೊಂದು ಉಪಾಯ ಹೇಳಿದರು. ನೀಲಿ ಕಲೆಸಿದ ನೀರನ್ನ ಬಾಟಲಿಗೆ ತುಂಬಿ ಗೇಟಿಗೆ ಕಟ್ಟಿ ಅಂದರು. ಕಟ್ಟಿದೆವು, ಬ್ರೂನೋ ಅದನ್ನ ಮೂಸಿ ನೋಡಿ ಅಲ್ಲೇ ಪಕ್ಕದಲ್ಲಿ ಕೂತಿತು. ಖಾರದ ಪುಡಿ ಹಾಕಿ ಅಂದರು, ನುಸಿಗುಳಿಗೆ ಪುಡಿ ಮಾಡಿ ಉದುರಿಸಿ ಅಂದರು. ಇವೆರಡನ್ನೂ ದಯವಿಟ್ಟು ಯಾರೂ ಮಾಡಬೇಡಿ. ನುಸಿಗುಳಿಗೆ ನಾಯಿಗೆ ವಿಷ, ನೆಕ್ಕಿದರೆ ಪ್ರಾಣಕ್ಕೇ ಅಪಾಯ. ಆ ಮೂಕಪ್ರಾಣಿ ಏನು ತಪ್ಪು ಮಾಡಿದೆ? ಅದಕ್ಕೆ ಅರ್ಜೆಂಟ್ ಆಗುತ್ತೆ, ಎಲ್ಲಿ ಕರೆದುಕೊಂಡು ಹೋದರೋ ಅಲ್ಲಿ ಮಾಡುತ್ತೆ.

ನಾನು ಮಾಡಿದ ತಪ್ಪನ್ನೂ ಹೇಳಬೇಕು. ಶೂ ಪ್ರಸಂಗ ಆದ ದಿನ ಸಿಟ್ಟಿನಲ್ಲಿ ಒಂದು ಫೋಟೋ ತೆಗೆದು ರಸ್ತೆಯ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಹೆಸರು ಬರೆಯಲಿಲ್ಲ, ಆದರೆ ಯಾರ ನಾಯಿ ಅಂತ ಎಲ್ಲರಿಗೂ ಗೊತ್ತು. ಹತ್ತು ನಿಮಿಷದಲ್ಲಿ ಗುಂಪು ಎರಡು ಭಾಗ ಆಯಿತು. ನಾಯಿ ಸಾಕೋದನ್ನೇ ನಿಲ್ಲಿಸಬೇಕು ಅಂತ ಒಬ್ಬರು. ಬೀದಿನಾಯಿ ಮಾಡಲ್ವಾ, ಅದನ್ನ ಯಾರು ಕೇಳ್ತೀರಾ ಅಂತ ಇನ್ನೊಬ್ಬರು. ಗುಂಪಿನಲ್ಲಿದ್ದ ವಕೀಲರೊಬ್ಬರು, ಭಾರತೀಯ ನ್ಯಾಯ ಸಂಹಿತೆಯ 292ನೇ ಸೆಕ್ಷನ್ ಪ್ರಕಾರ ಸಾರ್ವಜನಿಕರಿಗೆ ತೊಂದರೆ ಕೊಟ್ಟರೆ 1,000 ರೂಪಾಯಿವರೆಗೆ ದಂಡ ಇದೆ, ಕಂಪ್ಲೇಂಟ್ ಕೊಡಿ ಅಂದರು. ನಾಯಿಯನ್ನೇ ನಿಷೇಧಿಸೋದಕ್ಕೆ ಮಾತ್ರ ಆಗಲ್ಲ ಅಂತಲೂ ಅವರೇ ಹೇಳಿದರು. ಪ್ರಾಣಿ ಕಲ್ಯಾಣ ಮಂಡಳಿಯವರು 2015ರಲ್ಲೇ ಸೂಚನೆ ಕೊಟ್ಟಿದ್ದಾರೆ, ನಿವಾಸಿಗಳೆಲ್ಲ ಬಹುಮತದಿಂದ ಒಪ್ಪಿದರೂ ನಾಯಿ ಸಾಕಬೇಡಿ ಅನ್ನೋ ಹಾಗಿಲ್ಲವಂತೆ. ಜೊತೆಗೆ ಸಾಕಿದವರು ಸಾರ್ವಜನಿಕ ಜಾಗದಲ್ಲಿ ಆದ ಗಲೀಜನ್ನ ತಾವೇ ತೆಗೆಯಬೇಕು ಅನ್ನೋ ಸಲಹೆಯೂ ಅದರಲ್ಲೇ ಇದೆ. ಎರಡೂ ಸರಿಯಾದ ಮಾತು. ಆದರೆ ಎಪ್ಪತ್ತು ದಾಟಿದ, ನಮ್ಮ ಮಗನಿಗೆ ಪ್ರತಿ ವರ್ಷ ಕಿತ್ತಳೆ ಹಣ್ಣು ತಂದುಕೊಡೋ ಮನುಷ್ಯನ ಮೇಲೆ ಕಂಪ್ಲೇಂಟ್ ಕೊಡೋ ಮನಸ್ಸು ನನಗೆ ಇರಲಿಲ್ಲ.

ಫೋಟೋದಿಂದ ಆಗಿದ್ದು ಇಷ್ಟೇ. ಅಂಕಲ್ ನಮ್ಮ ಜೊತೆ ಮಾತು ಬಿಟ್ಟರು, ಬ್ರೂನೋನ ಆರೂವರೆಗೆ ಕರೆದುಕೊಂಡು ಬರುತ್ತಿದ್ದವರು ಐದು ಗಂಟೆಗೆ, ಕತ್ತಲಲ್ಲಿ ಬರೋದಕ್ಕೆ ಶುರು ಮಾಡಿದರು. ಗಲೀಜು ಅಲ್ಲೇ ಇತ್ತು.

ಆಮೇಲೊಂದು ದಿನ ಜೋರು ಮಳೆ ಬಂದು ನಮ್ಮ ಗೇಟಿನ ಮುಂದೆ ಚರಂಡಿ ಕಟ್ಟಿಕೊಂಡಿತು. ನಮ್ಮ ರಸ್ತೆ ಗುಡಿಸೋ ಅಕ್ಕ ಸಲಿಕೆ ಹಿಡಿದು ಬಂದರು. ಎಲೆ, ಹಾಲಿನ ಕವರ್ರು, ಅದರ ಜೊತೆ ವಾರಗಟ್ಟಲೆ ಪೊರಕೆಯಲ್ಲಿ ತಳ್ಳಿದ್ದ ನಾಯಿ ಗಲೀಜು. ನಾವು ತಳ್ಳಿದ್ದೂ ಅದರಲ್ಲಿ ಇತ್ತು, ಅತ್ತೆ ಎಲ್ಲಿಗೆ ತಳ್ಳುತ್ತಾರೆ, ಚರಂಡಿಗೇ ಅಲ್ವಾ. ಅವರು ಸಲಿಕೆ ಎತ್ತಿದಾಗ ಆ ನೀರು ಮೊಣಕೈವರೆಗೂ ಸಿಡಿಯಿತು. ಸೆರಗಿನಲ್ಲಿ ಒರೆಸಿಕೊಂಡರು. "ನಿಮ್ಮನೇಲಿ ನಾಯಿ ಇದೆಯೇನಕ್ಕಾ?" ಅಂತ ಕೇಳಿದರು. ಇಲ್ಲ ಅಂದೆ. "ನಮ್ಮನೇಲೂ ಇಲ್ಲ" ಅಂದರು. ನಾನು ಒಳಗಿಂದ ಸೋಪು, ಬಿಸಿನೀರು ತಂದುಕೊಟ್ಟೆ. ಇನ್ನೇನು ಮಾಡೋದು ಗೊತ್ತಾಗಲಿಲ್ಲ.

ಅವತ್ತಿಂದ ನನ್ನ ತಲೆಯಲ್ಲಿ ಈ ವಿಷಯವೇ ಬದಲಾಯಿತು. ನಮ್ಮ ಗೇಟು, ನಮ್ಮ ರಂಗೋಲಿ, ನಮ್ಮ ಶೂ ಅಂತ ಜಗಳ ಆಡುತ್ತಿದ್ದೆ. ಆದರೆ ಆ ಗಲೀಜನ್ನ ಯಾರೋ ಒಬ್ಬರು ಕೈಯಿಂದ ತೆಗೆಯಲೇಬೇಕು, ಅದು ತಾನಾಗೇ ಮಾಯ ಆಗಲ್ಲ. ಸಾಕಿದವರು ತೆಗೆಯದಿದ್ದರೆ ಆ ಅಕ್ಕ ತೆಗೆಯಬೇಕು. ಬಗ್ಗಿ ಎತ್ತೋದಕ್ಕೆ ನಮಗೆ ನಾಚಿಕೆ ಯಾಕೆ ಅಂದರೆ, ಅದು ನಮ್ಮ ಕೆಲಸ ಅಲ್ಲ, ಅದಕ್ಕೆ ಬೇರೆ ಜನ ಇದ್ದಾರೆ ಅನ್ನೋ ಹಳೇ ಬುದ್ಧಿ ಇನ್ನೂ ಹೋಗಿಲ್ಲ. ಇದನ್ನ ಸುತ್ತಿ ಬಳಸಿ ಹೇಳೋದರಲ್ಲಿ ಅರ್ಥ ಇಲ್ಲ.

ನಮ್ಮ ಭಾವ ಪಶುವೈದ್ಯರು. ಅವರಿಗೆ ಫೋನ್ ಮಾಡಿದೆ. ಸಗಣಿ ಥರ ಇದೂ ಗೊಬ್ಬರ ಆಗುತ್ತೆ ಬಿಡಿ ಅಂತಾರಲ್ಲ, ನಿಜಾನಾ ಅಂತ ಕೇಳಿದೆ. ಇಲ್ಲ ಅಂದರು. ಹಸು ಹುಲ್ಲು ತಿನ್ನೋ ಪ್ರಾಣಿ, ನಾಯಿಯದು ಮಾಂಸದ ಹೊಟ್ಟೆ, ಅದರಲ್ಲಿರೋ ಕೆಲವು ಹುಳ ಮನುಷ್ಯರಿಗೂ ಬರುತ್ತೆ. ಜಂತುಹುಳದ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತೆ, ಮಣ್ಣಲ್ಲಿ ಆಡಿದ ಮಕ್ಕಳು ಕೈ ಬಾಯಿಗೆ ಇಟ್ಟರೆ ಹೊಟ್ಟೆಗೆ ಹೋಗುತ್ತೆ. ಕೊಕ್ಕೆಹುಳದ ಮರಿಗಳು ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮದ ಒಳಗೇ ನುಗ್ಗುತ್ತವೆ, ಅಲ್ಲಿ ಕೆಂಪಗೆ ಹಾವು ಹರಿದ ಹಾಗೆ ಗೆರೆ ಎದ್ದು ವಿಪರೀತ ತುರಿಸುತ್ತೆ. ಪಾರ್ವೋ ವೈರಸ್ ಮನುಷ್ಯರಿಗೆ ಬರಲ್ಲ, ಆದರೆ ಗಲೀಜಿನಿಂದ ಬೇರೆ ನಾಯಿಗಳಿಗೆ ಹರಡುತ್ತೆ, ಲಸಿಕೆ ಹಾಕಿಸದ ಮರಿಗಳು ರಕ್ತಭೇದಿಯಾಗಿ ಸಾಯುತ್ತವೆ. ಆಮೇಲೆ ಅವರು ಹೇಳಿದ ಒಂದು ಮಾತು ನನಗೆ ತುಂಬಾ ಉಪಯೋಗಕ್ಕೆ ಬಂತು. ಜಂತುಹುಳದ ಮೊಟ್ಟೆ ಬಿದ್ದ ದಿನವೇ ಅಂಟಲ್ಲ. ಅಂಟೋ ಹಂತಕ್ಕೆ ಬರೋದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಅಂದರೆ ಆಗಲೇ ಎತ್ತಿಬಿಟ್ಟರೆ ಆ ಅಪಾಯ ಅಲ್ಲಿಗೇ ಮುಗೀತು.

ಆ ಭಾನುವಾರ ಸಂಜೆ ಅಂಕಲ್ ಮನೆಗೆ ಹೋದೆ. ಮೊದಲು ಫೋಟೋ ಹಾಕಿದ್ದಕ್ಕೆ ಕ್ಷಮೆ ಕೇಳಿದೆ. ಅವರು ಏನೂ ಮಾತಾಡಲಿಲ್ಲ. ಆಂಟಿ ಕಾಫಿ ತಂದರು. ಬ್ರೂನೋ ಬಂದು ನನ್ನ ಕಾಲ ಮೇಲೆ ತಲೆ ಇಟ್ಟುಕೊಂಡಿತು. "ಇದಕ್ಕೆ ಹುಳದ ಮಾತ್ರೆ ಕೊಡ್ತಾ ಇದ್ದೀರಾ ಅಂಕಲ್?" ಅಂತ ಕೇಳಿದೆ. ಮರಿ ಇದ್ದಾಗ ಕೊಟ್ಟಿದ್ದು ಅಂದರು. ಮೂರು ತಿಂಗಳಿಗೊಮ್ಮೆ ಕೊಡಬೇಕಂತೆ, ನಮ್ಮ ಭಾವ ಹೇಳಿದರು ಅಂದೆ. ಅಲ್ಲಿಂದ ಮಾತು ಶುರುವಾಯಿತು.

ಅವರದು ಮೂಡಿಗೆರೆ ಕಡೆ ಕಾಫಿ ತೋಟ. ಮೊಮ್ಮಗಳ ಓದಿಗೆ ಅಂತ ಎರಡು ವರ್ಷದ ಹಿಂದೆ ಇಲ್ಲಿಗೆ ಬಂದು ಮನೆ ಮಾಡಿದವರು. "ತೋಟದಲ್ಲಿ ಇದೆಲ್ಲ ಯಾರಮ್ಮ ನೋಡ್ತಾ ಇದ್ರು? ಬೆಳಗ್ಗೆ ಬಿಟ್ಟರೆ ಗಿಡದ ಸಂದಿಗೆ ಹೋಗಿ ಬರ್ತಿತ್ತು" ಅಂದರು. ಅದು ನಿಜ. ಹತ್ತಾರು ಎಕರೆ ಇರೋ ಕಡೆ ಆದ ಅಭ್ಯಾಸ, 30×40 ಅಡಿ ಸೈಟಿನ ಮನೆಗಳು ಒತ್ತಿಕೊಂಡಿರೋ ಕಡೆ ಹೊಂದಲ್ಲ. ನಾನು ಚರಂಡಿ ತೆಗೆದ ಅಕ್ಕನ ಕಥೆ ಹೇಳಿದೆ. ಬೇಸಿಗೆ ರಜೆಯಲ್ಲಿ ಅವರ ಮೊಮ್ಮಗಳು ಅದೇ ರಸ್ತೆಯಲ್ಲಿ ಬರಿಗಾಲಲ್ಲಿ ಕುಂಟಾಬಿಲ್ಲೆ ಆಡೋದನ್ನೂ ನೆನಪಿಸಿದೆ. ಬೀದಿನಾಯಿ ಮಾತು ಅವರೂ ಎತ್ತಿದರು. "ಬೀದಿನಾಯಿಗೆ ಚೈನ್ ಹಿಡಿಯೋರು ಯಾರೂ ಇಲ್ಲ ಅಂಕಲ್, ಬ್ರೂನೋಗೆ ನೀವಿದ್ದೀರಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಗ್ಗೋಕೆ ಆಗಲ್ಲಮ್ಮ ನಂಗೆ, ಮಂಡಿ ನೋವು" ಅಂದರು. ಎರಡು ವರ್ಷ ಎದುರುಬದುರು ಇದ್ದೀವಿ, ಅವರಿಗೆ ಮಂಡಿ ನೋವು ಅಂತ ನನಗೆ ಗೊತ್ತೇ ಇರಲಿಲ್ಲ.

ಪರಿಹಾರ ದೊಡ್ಡದೇನಲ್ಲ. ಉದ್ದ ಹಿಡಿಯ ಕಸದ ಮೊರ, ಅಂಥದ್ದೇ ಉದ್ದದ ಒಂದು ಬ್ರಷ್ಷು. ಮೊರದ ಮೇಲೆ ಹಳೇ ಪೇಪರ್ ಹಾಸಿಕೊಂಡರೆ ಅಂಟಲ್ಲ. ಕೆಲವು ನಾಯಿಗಳು ಕೂತಾಗಲೇ ಪೇಪರನ್ನ ಹಿಂದೆ ಜಾರಿಸಿದರೆ ನೆಲಕ್ಕೆ ಬೀಳೋದೇ ಇಲ್ಲ. ಮನೆಗೆ ತಂದು ಕಕ್ಕಸಿಗೆ ಹಾಕಿ ನೀರು ಬಿಡಬಹುದು, ಪೇಪರ್ ಮಾತ್ರ ಬೇರೆ ಬಿಸಾಡಬೇಕು. ಹಿತ್ತಲು ಇದ್ದರೆ ಬಾವಿಗೂ ಸೊಪ್ಪಿನ ಮಡಿಗೂ ದೂರದಲ್ಲಿ ಗುಂಡಿ ತೆಗೆದು ಮುಚ್ಚಬಹುದು. ತರಕಾರಿಗೆ ಹಾಕೋ ಗೊಬ್ಬರದ ಗುಂಡಿಗೆ ಬೇಡ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಚರಂಡಿಗೆ ಎಸೆಯೋದಂತೂ ಇನ್ನೂ ಕೆಟ್ಟದ್ದು, ಅದು ಕೊನೆಗೆ ಅದೇ ಅಕ್ಕನ ಸಲಿಕೆಗೆ ಸಿಗುತ್ತೆ. ಆ ಕವರ್ರು ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ.

ಅಂಕಲ್ ಮಗ ಮಾರನೇ ದಿನವೇ ಮೊರ ತಂದುಕೊಟ್ಟರು. ಮೊದಲ ವಾರ ಅಂಕಲ್ ಕತ್ತಲಲ್ಲೇ ಬಂದು ಎತ್ತಿಕೊಂಡು ಹೋಗುತ್ತಿದ್ದರು, ನಾಲ್ಕು ಜನ ನೋಡುತ್ತಾರೆ ಅಂತ. ಈಗ ಮತ್ತೆ ಆರೂವರೆಗೆ ಬರುತ್ತಾರೆ, ಒಂದು ಕೈಯಲ್ಲಿ ಚೈನು, ಇನ್ನೊಂದರಲ್ಲಿ ಮೊರ. ಎರಡು ದಿನ ಮರೆತರು. ನಾನು ಸುಮ್ಮನಿರಲಿಲ್ಲ, ಕಿಟಕಿಯಿಂದ "ಅಂಕಲ್, ಮೊರ" ಅಂತ ಕೂಗಿದೆ. ಬೇಜಾರು ಮಾಡಿಕೊಳ್ಳಲಿಲ್ಲ.

ಉಳಿದ ನಾಲ್ಕು ನಾಯಿಗಳಲ್ಲಿ ಒಂದು ಮನೆಯವರು ಇದನ್ನ ನೋಡಿ ತಾವೇ ಶುರು ಮಾಡಿದರು. ಇನ್ನಿಬ್ಬರು ಆಗಾಗ ಎತ್ತುತ್ತಾರೆ, ಆಗಾಗ ಇಲ್ಲ. ರಸ್ತೆ ಕೊನೆಯ ಮನೆಯವರು ಮಾತ್ರ ಗೇಟು ತೆಗೆದು ನಾಯಿನ ಸುಮ್ನೆ ಹೊರಗೆ ಬಿಟ್ಟುಬಿಡುತ್ತಾರೆ, ಜೊತೆಗೆ ಯಾರೂ ಬರಲ್ಲ. ಅವರ ಹತ್ತಿರ ಈ ಭಾನುವಾರ ಹೋಗೋಣ ಅಂತಿದ್ದೀನಿ. ನಾನೂ ಬರ್ತೀನಿ ಅಂತ ಅಂಕಲ್ ಹೇಳಿದ್ದಾರೆ, ಬ್ರೂನೋನೂ ಕರೆದುಕೊಂಡು.