ಅಂಟು ಕಾಯ್ದ ಊರುಗಳು

ಗ್ರೀಸ್‌ನ ದ್ವೀಪ ಅಂದ್ರೆ ಬಿಳಿ ಗೋಡೆ, ನೀಲಿ ಗುಮ್ಮಟ ಅಂದುಕೊಂಡು ಕಿಯೋಸ್‌ಗೆ ಹೋದವರಿಗೆ ಸ್ವಲ್ಪ ನಿರಾಸೆ ಆಗಬಹುದು. ಇದು ಬೂದು, ಕಂದು, ಕಲ್ಲಿನ ಬಣ್ಣದ ದ್ವೀಪ. ಟರ್ಕಿಯ ಚೆಷ್ಮೆ ಬಂದರಿನಲ್ಲಿ ದೋಣಿ ಹತ್ತಿದರೆ ಒಂದು ಗಂಟೆಯೊಳಗೆ ತಲುಪುತ್ತೀರಿ. ನಾವು ಹೋಗಿದ್ದು ಅದರ ದಕ್ಷಿಣದ ಹಳ್ಳಿಗಳಿಗೆ. ಅಲ್ಲಿನ ಕುಳ್ಳ ಮರಗಳಿಂದ ಇಳಿಯುವ ಅಂಟನ್ನು ನೋಡೋಕೆ ಅಂದರೂ ಸರಿ. ಮಸ್ತಿಹಾ ಅಂತಾರೆ ಅದಕ್ಕೆ. ನಮ್ಮ ಯುನಾನಿ ಔಷಧಿ ಅಂಗಡಿಗಳಲ್ಲಿ ರೂಮಿ ಮಸ್ತಗಿ ಎಂದು ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುವುದು ಇದನ್ನೇ.

ಪಿರ್ಗಿ ಎಂಬ ಹಳ್ಳಿಯಲ್ಲಿ ನಮಗೆ ರೂಮು ಕೊಟ್ಟಿದ್ದ ಅಜ್ಜಿ ಬೆಳಕು ಹರಿಯುವ ಮೊದಲೇ ಎಬ್ಬಿಸಿ ತೋಟಕ್ಕೆ ಕರೆದುಕೊಂಡು ಹೋದರು. ಆಗಸ್ಟ್ ತಿಂಗಳು. ಬಿಸಿಲೇರಿದರೆ ಅಂಟು ಮೆತ್ತಗಾಗುತ್ತದೆ, ಕೆಲಸ ಕೆಡುತ್ತದೆ. ಅವರಿಗೆ ಗ್ರೀಕ್ ಬಿಟ್ಟು ಬೇರೆ ಭಾಷೆ ಬಾರದು, ಮೊಮ್ಮಗ ಜೊತೆಗಿದ್ದು ಇಂಗ್ಲಿಷ್‌ನಲ್ಲಿ ಹೇಳುತ್ತಿದ್ದ. ಮರ ಎರಡಾಳು ಎತ್ತರವೂ ಇಲ್ಲ, ಕಾಂಡ ಸೊಟ್ಟ, ಕೊಂಬೆಗಳು ನೆಲಕ್ಕೆ ಬಾಗಿವೆ. ಬುಡದ ಸುತ್ತ ನೆಲವನ್ನು ಗುಡಿಸಿ, ಸಮ ಮಾಡಿ, ಬಿಳಿ ಸುಣ್ಣದ ಮಣ್ಣು ಹರಡಿದ್ದರು. ನಮ್ಮ ಸುಳ್ಯದ ಕಡೆಯ ರಬ್ಬರ್ ತೋಟದಲ್ಲಿ ಗೀರು ಹಾಕಿ ಚಿಪ್ಪು ಕಟ್ಟುತ್ತಾರಲ್ಲ, ಇಲ್ಲಿ ಚಿಪ್ಪು ಗಿಪ್ಪು ಏನೂ ಇಲ್ಲ. ಚೂಪಾದ ಪುಟ್ಟ ಸಲಾಕೆಯಿಂದ ತೊಗಟೆಗೆ ಚಿಕ್ಕ ಚಿಕ್ಕ ಗಾಯ ಮಾಡಿ ಬಿಡುತ್ತಾರೆ, ಅಂಟು ತೊಟ್ಟಿಕ್ಕಿ ಆ ಬಿಳಿ ಮಣ್ಣಿನ ಮೇಲೇ ಬೀಳುತ್ತದೆ, ಎರಡು ವಾರ ಹಾಗೇ ಬಿಟ್ಟರೆ ಗಟ್ಟಿಯಾಗುತ್ತದೆ, ಆಮೇಲೆ ಬಗ್ಗಿ ಒಂದೊಂದೇ ಹನಿ ಹೆಕ್ಕಬೇಕು. ನಡುವೆ ಮಳೆ ಬಂದರೆ ಮುಗೀತು.

ಇಷ್ಟೆಲ್ಲ ಮಾಡಿದ ಮೇಲೆ ಒಂದು ಮರದಿಂದ ವರ್ಷಕ್ಕೆ ಸಾಮಾನ್ಯವಾಗಿ ಕಾಲು ಕಿಲೋ ಕೂಡ ಸಿಗುವುದಿಲ್ಲ. ಚಳಿಗಾಲವಿಡೀ ಮನೆಯಲ್ಲಿ ಹೆಂಗಸರು ಕೂತು ಅದರಿಂದ ಕಸ, ಮಣ್ಣು ಬೇರೆ ಮಾಡುತ್ತಾರೆ. ಅಜ್ಜಿಗೆ ಅದೇ ಇಷ್ಟದ ಕೆಲಸವಂತೆ. "ಬೇಸಿಗೆಯಲ್ಲಿ ಬೆನ್ನು ನೋಯುತ್ತೆ, ಚಳಿಗಾಲದಲ್ಲಿ ಬರೀ ಬಾಯಿ ನೋಯುತ್ತೆ" ಅಂತ ನಕ್ಕರು. ಅಕ್ಕಪಕ್ಕದವರೆಲ್ಲ ಒಟ್ಟಿಗೆ ಕೂತು ಹರಟುತ್ತಾರಲ್ಲ, ಅದಕ್ಕೆ. ಒಂದು ಹನಿ ಬಾಯಿಗೆ ಹಾಕಿಕೊಂಡೆ. ಮೊದಲು ಕಹಿ, ಪುಡಿಪುಡಿ. ಜಗಿಯುತ್ತಾ ಹೋದ ಹಾಗೆ ಮೆತ್ತಗಾಗಿ ಪೈನ್ ಮರದ ಘಮ ಬರುತ್ತದೆ.

ಈ ಮರ ಯಾಕೆ ಅಳುತ್ತದೆ ಅನ್ನೋದಕ್ಕೂ ಅಲ್ಲಿ ಕತೆ ಇದೆ. 3ನೇ ಶತಮಾನದಲ್ಲಿ ರೋಮನ್ನರು ಇಸಿಡೋರ್ ಎಂಬ ಕ್ರೈಸ್ತ ಸೈನಿಕನನ್ನು ಹಿಂಸಿಸಿ ಕೊಂದರಂತೆ, ಅದನ್ನು ಕಂಡ ಮರಗಳು ಕಣ್ಣೀರು ಸುರಿಸಿದವಂತೆ. ಕತೆ ಏನೇ ಇರಲಿ, ಈ ಅಂಟಿಗಾಗಿ ಮನುಷ್ಯರು ಅತ್ತಿದ್ದಂತೂ ನಿಜ. 1346ರಿಂದ 1566ರವರೆಗೆ ದ್ವೀಪವನ್ನು ಆಳಿದವರು ಇಟಲಿಯ ಜಿನೋವಾದವರು. ಮಸ್ತಿಹಾ ವ್ಯಾಪಾರವನ್ನು ಪೂರ್ತಿ ತಮ್ಮ ಕೈಯಲ್ಲಿಟ್ಟುಕೊಂಡರು. ಬೆಳೆಯುವವನೇ ಒಂದಿಷ್ಟು ಬಚ್ಚಿಟ್ಟು ಸಿಕ್ಕಿಬಿದ್ದರೆ ಕದ್ದದ್ದು ಎಷ್ಟು ಅಂತ ತೂಗಿ ಕಿವಿ, ಮೂಗು ಕತ್ತರಿಸುತ್ತಿದ್ದರು. ಜಾಸ್ತಿ ಇದ್ದರೆ ನೇಣು. ಹಳ್ಳಿಯ ಹತ್ತಿರವೇ ಒಂದು ಮಸ್ತಿಹಾ ಮ್ಯೂಸಿಯಂ ಇದೆ, 2016ರಲ್ಲಿ ತೆರೆದದ್ದು. ಚೆನ್ನಾಗಿದೆ, ಆದರೆ ಈ ಚರಿತ್ರೆ ಅರ್ಥ ಆಗಬೇಕಾದರೆ ಊರೊಳಗೇ ನಡೆಯಬೇಕು ಅನ್ನೋದು ನನ್ನ ಅಭಿಪ್ರಾಯ.

ಅದರಲ್ಲೂ ಮೆಸ್ತಾ. ಮಧ್ಯಾಹ್ನ ಅಲ್ಲಿಗೆ ಹೋದೆವು. ಊರಿಗೆ ಬೇರೆ ಕೋಟೆ ಇಲ್ಲ, ಅಂಚಿನ ಮನೆಗಳ ಬೆನ್ನುಗೋಡೆಗಳೇ ಸೇರಿಕೊಂಡು ಕೋಟೆ. ಹೊರಗಡೆಗೆ ಕಿಟಕಿ ಇರಲಿಲ್ಲ. ಓಣಿಗಳು ಎಷ್ಟು ಇಕ್ಕಟ್ಟು ಅಂದ್ರೆ ಎರಡೂ ಕಡೆಯ ಗೋಡೆ ಕೈಗೆ ಸಿಗುತ್ತವೆ, ತಲೆ ಮೇಲೆ ಕಲ್ಲಿನ ಕಮಾನು, ಅದರ ಮೇಲೆ ಮತ್ತೊಬ್ಬರ ಮನೆ. ಸುತ್ತಿ ಸುತ್ತಿ ಹೊರಟ ಜಾಗಕ್ಕೇ ಬರುತ್ತೀರಿ, ಇಲ್ಲಾ ದಾರಿ ಗೋಡೆಗೆ ಬಂದು ನಿಲ್ಲುತ್ತದೆ. ಕಡಲ್ಗಳ್ಳರು ಒಳಗೆ ನುಗ್ಗಿದರೆ ಹೀಗೇ ಕಂಗಾಲಾಗಲಿ ಅಂತ ಕಟ್ಟಿದ್ದು. ಮನೆಗಳ ತಾರಸಿಗಳನ್ನು ಒಂದೇ ಎತ್ತರಕ್ಕೆ ಕಟ್ಟಿದ್ದು, ಅಪಾಯ ಬಂದಾಗ ಮೇಲಿನಿಂದಲೇ ಓಡಿ ಊರ ನಡುವಿನ ಬುರುಜು ಸೇರಿಕೊಳ್ಳಲಿ ಅಂತ. ಆ ಬುರುಜು ಈಗಿಲ್ಲ, ಅದರ ಜಾಗದಲ್ಲಿ 1868ರ ದೊಡ್ಡ ಚರ್ಚ್ ಇದೆ. ನನಗೆ ಒಂದು ಅನುಮಾನ ಉಳಿದೇ ಹೋಯಿತು: ಈ ಗೋಡೆಗಳು ಜನರನ್ನು ಕಾಯೋಕಾ, ಅಥವಾ ಅವರು ಹೆಕ್ಕಿದ ಅಂಟನ್ನು ಕಾಯೋಕಾ?

ಪಿರ್ಗಿಯ ಬಗ್ಗೆ ಹೇಳಲಿಲ್ಲ ಅಲ್ವಾ. ಅಲ್ಲಿನ ಮನೆಗಳ ಮುಖದ ತುಂಬಾ ಕಪ್ಪು-ಬಿಳುಪು ಚಿತ್ತಾರ. ಕಪ್ಪು ಮರಳಿನ ಗಾರೆ ಬಳಿದು, ಮೇಲೆ ಸುಣ್ಣ ಹಚ್ಚಿ, ಹಸಿ ಇರುವಾಗಲೇ ತ್ರಿಕೋನ, ಚೌಕ, ವೃತ್ತ ಕೆರೆದು ತೆಗೆಯುತ್ತಾರೆ. ಬಾಲ್ಕನಿಗಳಲ್ಲಿ ಪುಟ್ಟ ಟೊಮೆಟೊಗಳ ಗೊಂಚಲು ಒಣಗೋಕೆ ನೇತುಹಾಕಿರುತ್ತಾರೆ. ಕೊಲಂಬಸ್ ಇಲ್ಲಿ ಇದ್ದು ಹೋಗಿದ್ದ ಅಂತ ಒಂದು ಮನೆಯನ್ನೂ ತೋರಿಸುತ್ತಾರೆ. ನಂಬೋದು ಬಿಡೋದು ನಿಮಗೆ ಬಿಟ್ಟದ್ದು. 1493ರ ಪತ್ರದಲ್ಲಿ ಅವನು ಕಿಯೋಸ್‌ನ ಮಸ್ತಿಹಾ ಹೆಸರು ಬರೆದು, ತಾನು ಕಂಡ ಹೊಸ ನಾಡಲ್ಲೂ ಅದು ಬೇಕಾದಷ್ಟು ಇದೆ ಎಂದು ರಾಜನಿಗೆ ಆಸೆ ಹುಟ್ಟಿಸಿದ್ದಂತೂ ಹೌದು.

ಸಂಜೆ ಟ್ಯಾಕ್ಸಿಯಲ್ಲಿ ಬೆಟ್ಟ ಹತ್ತಿ ನೇಯಾ ಮೋನಿ ಮಠಕ್ಕೆ ಹೋದೆವು. 11ನೇ ಶತಮಾನದ್ದು, ಬೈಜಾಂಟಿಯಂ ಚಕ್ರವರ್ತಿ 9ನೇ ಕಾನ್‌ಸ್ಟಂಟೈನ್ ಕಟ್ಟಿಸಿದ್ದು. ಚಿನ್ನದ ಹಿನ್ನೆಲೆಯ ಮೊಸಾಯಿಕ್ ನೋಡೋಕೆ ಜನ ಬರುತ್ತಾರೆ. ಆದರೆ ಬಾಗಿಲ ಹತ್ತಿರದ ಪುಟ್ಟ ಗುಡಿಯಲ್ಲಿ ಗಾಜಿನ ಕಪಾಟು ಇದೆ, ಅದರ ತುಂಬಾ ತಲೆಬುರುಡೆಗಳು. 1822ರಲ್ಲಿ, ಗ್ರೀಕರ ಸ್ವಾತಂತ್ರ್ಯದ ದಂಗೆ ದ್ವೀಪಕ್ಕೆ ಮುಟ್ಟಿದಾಗ, ಆಗ ದ್ವೀಪವನ್ನು ಆಳುತ್ತಿದ್ದ ಒಟ್ಟೋಮನ್ ತುರ್ಕರ ಸೈನ್ಯ ಹತ್ತಾರು ಸಾವಿರ ಜನರನ್ನು ಕೊಂದಿತು, ಇನ್ನೂ ಹಲವು ಸಾವಿರ ಜನರನ್ನು ಗುಲಾಮರಾಗಿ ಮಾರಿತು. ಮಠದಲ್ಲಿ ಅಡಗಿದ್ದವರನ್ನೂ ಬಿಡಲಿಲ್ಲ. ಫ್ರೆಂಚ್ ಚಿತ್ರಕಾರ ಡೆಲಕ್ರಾ ಬರೆದ ದೊಡ್ಡ ಚಿತ್ರ ಪ್ಯಾರಿಸ್‌ನ ಲೂವ್ರ್‌ನಲ್ಲಿದೆ, ಅದು ಇದರದ್ದೇ. ಮಸ್ತಿಹಾ ಹಳ್ಳಿಗಳನ್ನು ಮಾತ್ರ ಮೊದಮೊದಲು ಮುಟ್ಟಲಿಲ್ಲ, ಸುಲ್ತಾನನ ಅರಮನೆಗೆ ಅಂಟು ಹೋಗಬೇಕಿತ್ತಲ್ಲ! ಜೂನ್‌ನಲ್ಲಿ ಕನಾರಿಸ್ ಎಂಬ ಗ್ರೀಕ್ ನಾವಿಕ ಒಟ್ಟೋಮನ್ನರ ಮುಖ್ಯ ಹಡಗನ್ನೇ ಸುಟ್ಟ ಮೇಲೆ ಆ ರಕ್ಷಣೆಯೂ ಪೂರ್ತಿ ಉಳಿಯಲಿಲ್ಲ. ಮುಂಜಾನೆ ಸುಮ್ನೆ ಬಾಯಲ್ಲಿ ಜಗಿದಿದ್ದ ಆ ಹನಿಯ ಬೆಲೆ ಆ ಕಪಾಟಿನ ಮುಂದೆ ನನಗೆ ತಿಳಿಯಿತು.

ವಾಪಸ್ ಬರುವಾಗ ಕಾಂಬೋಸ್ ಎಂಬ ಬಯಲಿನಲ್ಲಿ ಹಾದೆವು. ಕಿತ್ತಳೆ, ನಿಂಬೆ ತೋಟಗಳು, ಎತ್ತರದ ಕಲ್ಲುಗೋಡೆಗಳು, ಒಳಗೆ ಹಳೇ ವ್ಯಾಪಾರಿ ಮನೆತನಗಳ ಬಂಗಲೆಗಳು. 1881ರ ಭೂಕಂಪದಲ್ಲಿ ಎಷ್ಟೋ ಬಿದ್ದು ಹೋದವು. ಈ ದ್ವೀಪದ ವ್ಯಾಪಾರಿಗಳು ಲಂಡನ್, ಮಾರ್ಸೇ, ಅಲೆಕ್ಸಾಂಡ್ರಿಯಾ ಎಲ್ಲ ಕಡೆ ಹರಡಿದವರು ಎನ್ನುತ್ತಾ ಡ್ರೈವರ್ ಕೆಲವು ಹೆಸರು ಹೇಳಿದ. ಅದರಲ್ಲಿ ಒಂದು ರ‍್ಯಾಲಿ. ನಾನು ತಡೆದು ಇನ್ನೊಂದು ಸಲ ಕೇಳಿದೆ. ಹೌದು, ಅದೇ! ಕಲ್ಕತ್ತಾ, ಮುಂಬೈಗಳಲ್ಲಿ ಹತ್ತಿ, ಸೆಣಬು ಕೊಂಡು ಹಡಗು ತುಂಬುತ್ತಿದ್ದ ರ‍್ಯಾಲಿ ಬ್ರದರ್ಸ್. ಆಮೇಲೆ ಅದೇ ರ‍್ಯಾಲೀಸ್ ಇಂಡಿಯಾ, ಈಗ ಟಾಟಾದವರದ್ದು. ನಮ್ಮೂರ ಗೊಬ್ಬರದ ಅಂಗಡಿಯ ಬೋರ್ಡಿನಲ್ಲಿ ಚಿಕ್ಕಂದಿನಿಂದ ನೋಡಿದ ಹೆಸರು. ಅಪ್ಪ ಅದರ ಔಷಧಿ ತಂದು ಗದ್ದೆಗೆ ಹೊಡೆಯುತ್ತಿದ್ದರು ಅಂತ ಹೇಳಿದರೆ ಡ್ರೈವರ್ ನಂಬಲೇ ಇಲ್ಲ, ಫೋನ್‌ನಲ್ಲಿ ಹುಡುಕಿ ತೋರಿಸಬೇಕಾಯಿತು. ಆಮೇಲೆ ಪಿರ್ಗಿ ತಲುಪುವವರೆಗೂ ಅವನೇ ಪ್ರಶ್ನೆ ಕೇಳಿದ: ಅಪ್ಪ ಏನು ಬೆಳೆಯುತ್ತಾರೆ, ಎಷ್ಟು ಎಕರೆ, ಬೆಲೆ ಸಿಗುತ್ತಾ?