ಹೋಗಿ ಬರುವ ಓಟ

ಈ ವಾರ ಹಿರಿಯರೊಬ್ಬರು ಕೇಳಿದ ಪ್ರಶ್ನೆಗೆ ನಾನು ಇನ್ನೂ ಉತ್ತರ ಹುಡುಕುತ್ತಿದ್ದೇನೆ. ರಸ್ತೆಯ ಪಕ್ಕದ ಮೋಟುಗೋಡೆಯ ಮೇಲೆ, ಊರುಗೋಲನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕುಳಿತಿದ್ದ ಅವರು, ನಾನು ಎದುರಿಗೇ ಓಟ ನಿಲ್ಲಿಸಿ ಕೈಗಡಿಯಾರ ನೋಡಿ ನಕ್ಕಿದ್ದನ್ನು ಕಂಡು, "ಬರುವುದಕ್ಕೆ ಎಷ್ಟು ಉಳಿಸಿಕೊಂಡಿದ್ದೀರಿ?" ಎಂದರು. ದೂರವನ್ನು ಕೇಳುತ್ತಿದ್ದಾರೆಂದುಕೊಂಡು "ಮೂರೂವರೆ ಕಿಲೋಮೀಟರ್" ಎಂದೆ. "ಅದಲ್ಲ" ಎಂದು ಹೇಳಿ ಅವರು ಬೇರೆ ಕಡೆ ಮುಖ ತಿರುಗಿಸಿದರು.

ಐದು ತಿಂಗಳಿಂದ ನಾನು ಓಡುತ್ತಿದ್ದದ್ದು ಟ್ರೆಡ್‌ಮಿಲ್ ಮೇಲೆ ಮಾತ್ರ. ಗಂಟೆಗೆ 10 ಕಿಲೋಮೀಟರ್ ವೇಗ, 30 ನಿಮಿಷ, 5 ಕಿಲೋಮೀಟರ್. ಒಂದು ದಿನವೂ ಲೆಕ್ಕ ತಪ್ಪಿದ್ದಿಲ್ಲ. ಆ ಸೋಮವಾರ ಯಂತ್ರದ ಮೇಲೆ 'ದುರಸ್ತಿಯಲ್ಲಿದೆ' ಎಂಬ ಚೀಟಿ ಅಂಟಿಸಿದ್ದರಿಂದ, ಶೂಗಳ ದಾರ ಬಿಚ್ಚಲು ಮನಸ್ಸಾಗದೆ ಹಾಗೆಯೇ ರಸ್ತೆಗೆ ಇಳಿದೆ. ಎರಡೂವರೆ ಕಿಲೋಮೀಟರ್ ಹೋಗಿ ಹಿಂದಿರುಗಿದರೆ ಎಂದಿನ ಐದು ಮುಗಿಯುತ್ತದೆ ಎಂಬುದು ನನ್ನ ಎಣಿಕೆಯಾಗಿತ್ತು. ಆದರೆ ಎರಡೂವರೆಯ ಹೊತ್ತಿಗೆ ಕಾಲುಗಳು ಎಷ್ಟು ಹಗುರವಾಗಿದ್ದವೆಂದರೆ, ನಿಲ್ಲುವುದು ಅವಮಾನವೆಂದೇ ಅನಿಸಿತು. ಇನ್ನೂ ಒಂದು ಕಿಲೋಮೀಟರ್ ಓಡಿ, 19 ನಿಮಿಷದಲ್ಲಿ ಮೂರೂವರೆ ಮುಟ್ಟಿದ್ದೆ. ಟ್ರೆಡ್‌ಮಿಲ್ ಮೇಲೆ ಅಷ್ಟು ದೂರಕ್ಕೆ 21 ನಿಮಿಷ ಬೇಕಾಗುತ್ತಿತ್ತು. ನಾನು ನಕ್ಕಿದ್ದು ಆ ಎರಡು ನಿಮಿಷಗಳಿಗಾಗಿ.

ತಿರುಗಿದ ಮೊದಲ ಇಪ್ಪತ್ತು ಹೆಜ್ಜೆಗಳಲ್ಲೇ ನಗು ಅಡಗಿತು. ಯಾರೋ ಅಂಗೈಯನ್ನು ಎದೆಗೆ ಒತ್ತಿ ಹಿಂದಕ್ಕೆ ನೂಕುತ್ತಿರುವಂತೆ ಗಾಳಿ ಬೀಸುತ್ತಿತ್ತು. ಅದು ಆಗ ಶುರುವಾದ ಗಾಳಿಯಲ್ಲ. ಮೂರೂವರೆ ಕಿಲೋಮೀಟರ್ ಉದ್ದಕ್ಕೂ ನನ್ನ ಬೆನ್ನಿನ ಹಿಂದೆಯೇ ಇತ್ತು. ಬೆನ್ನಿಗೆ ಬೀಸುವ ಗಾಳಿ ಗಾಳಿಯೆಂದು ತಿಳಿಯುವುದೇ ಇಲ್ಲ, ಏಕೆಂದರೆ ಅದೂ ನಮ್ಮಷ್ಟೇ ವೇಗದಲ್ಲಿ ಸಾಗುತ್ತಿದ್ದರೆ ಮೈಯ ಸುತ್ತಲಿನ ಹವೆ ನಿಶ್ಚಲವಾಗಿರುವಂತೆಯೇ ತೋರುತ್ತದೆ. ಹೋಗುವಾಗ ಮೊಣಕೈಯಿಂದ ಬೆವರು ತೊಟ್ಟಿಕ್ಕುತ್ತಿದ್ದುದನ್ನು ನೋಡಿ, "ಇವತ್ತು ಗಾಳಿಯೇ ಇಲ್ಲ" ಎಂದುಕೊಂಡಿದ್ದೆ! ಗಂಟೆಗೆ 10 ಕಿಲೋಮೀಟರ್ ವೇಗದ ಗಾಳಿಗೆ ಬೆನ್ನು ಕೊಟ್ಟು ಅದೇ ವೇಗದಲ್ಲಿ ಓಡುವವನಿಗೆ ಹವೆಯ ತಡೆ ಹೆಚ್ಚುಕಡಿಮೆ ಸೊನ್ನೆ. ಅವನೇ ತಿರುಗಿ ಅದೇ ವೇಗದಲ್ಲಿ ಬಂದರೆ ಎದುರಾಗುವುದು 20 ಕಿಲೋಮೀಟರ್ ವೇಗದ ಹವೆ. ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅದು ಗಾಳಿಯಿಲ್ಲದ ದಿನದ ನಾಲ್ಕರಷ್ಟಾಗುತ್ತದೆ. ಇದರ ಜೊತೆಗೆ ರಸ್ತೆ ಹೋಗುವ ದಿಕ್ಕಿಗೆ ತುಸು ಇಳಿಜಾರಾಗಿತ್ತು. ನೂರು ಮೀಟರಿಗೆ ಒಂದೇ ಮೀಟರ್ ಇಳಿಯುವ ರಸ್ತೆ ಕಣ್ಣಿಗೆ ಸಮತಟ್ಟಾಗಿಯೇ ಕಾಣುತ್ತದೆ; ಮರಳಿ ಬರುವಾಗ ಮಾತ್ರ ಮೀನಖಂಡಗಳು ಅದನ್ನು ಪತ್ತೆ ಮಾಡುತ್ತವೆ.

ಐದನೆಯ ಕಿಲೋಮೀಟರಿನಲ್ಲಿ ನಡೆದೆ. ಓಡಿದೆ, ಮತ್ತೆ ನಡೆದೆ. ಹಿಂದಿರುಗಲು 31 ನಿಮಿಷ ಹಿಡಿಯಿತು. ಆ ಹಿರಿಯರಿಗೆ ಓಟದ ಬಗ್ಗೆ ಏನಾದರೂ ಗೊತ್ತಿತ್ತೋ ಇಲ್ಲವೋ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದಂತೂ ಗೊತ್ತಿತ್ತು. ಹಾಗಿದ್ದೂ ಅವರು ಎಚ್ಚರಿಸಲಿಲ್ಲ, ಕೇಳಿದರು ಅಷ್ಟೆ. ಅದು ದಯೆಯೋ ಕುಚೋದ್ಯವೋ ನನಗೆ ಇನ್ನೂ ತೀರ್ಮಾನವಾಗಿಲ್ಲ.

ಮರುದಿನ ಜಿಮ್ಮಿನಲ್ಲಿ ಇದನ್ನು ಹೇಳಿದಾಗ ತರಬೇತುದಾರ ಗೆದ್ದವನಂತೆ, "ನಾನು ಹೇಳಿರಲಿಲ್ಲವೇ, ಇಲ್ಲಿ ಬೆಲ್ಟೇ ಕಾಲನ್ನು ಎಳೆದುಕೊಂಡು ಹೋಗುತ್ತದೆ, ನೀವು ನೆಗೆದರೆ ಸಾಕು" ಎಂದ. ಒಳ್ಳೆಯ ಹುಡುಗ, ಆದರೆ ತನಗೆ ಗೊತ್ತಿಲ್ಲದ್ದನ್ನೇ ಹೆಚ್ಚು ಧೈರ್ಯದಿಂದ ಹೇಳುವವನು. ಬೆಲ್ಟ್ ಒಂದೇ ವೇಗದಲ್ಲಿ ಚಲಿಸುತ್ತಿರುವಷ್ಟು ಕಾಲವೂ ಅದರ ಮೇಲೆ ಓಡುವುದಕ್ಕೂ ನಿಂತ ನೆಲದ ಮೇಲೆ ಓಡುವುದಕ್ಕೂ ಭೌತಶಾಸ್ತ್ರದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಇಲ್ಲವಾಗುವುದು ಎದುರು ಹವೆ ಮಾತ್ರ. ಆ ಕೊರತೆಯನ್ನು ತುಂಬಲು ಯಂತ್ರವನ್ನು ಶೇಕಡಾ 1ರಷ್ಟು ಏರಿಗೆ ಇಡಬೇಕೆಂಬ ರೂಢಿ ಬಂದದ್ದು 1996ರಲ್ಲಿ ಆಂಡ್ರ್ಯೂ ಜೋನ್ಸ್ ಮತ್ತು ಜೊನಾಥನ್ ಡೌಸ್ಟ್ ಪ್ರಕಟಿಸಿದ ಅಧ್ಯಯನದಿಂದ. ಅವರು ಓಡಿಸಿ ನೋಡಿದ್ದು ಪಳಗಿದ ಓಟಗಾರರನ್ನು, ಅದೂ ಗಂಟೆಗೆ 10.5ರಿಂದ 18 ಕಿಲೋಮೀಟರ್ ವೇಗದಲ್ಲಿ. ಆ ಪಟ್ಟಿಯ ಕೆಳತುದಿಗೂ ನಿಲುಕದ ನನಗೆ ಹವೆಯ ತಡೆಯೊಂದೇ ನೆಪವಾಗಲಾರದು. (ಪಕ್ಕದ ಯಂತ್ರವನ್ನು ಕಡಿದಾದ ಏರಿಗೆ ಇಟ್ಟು, ಎರಡೂ ಕೈಗಳಿಂದ ಮುಂದಿನ ಸರಳನ್ನು ಹಿಡಿದು ಹಿಂದಕ್ಕೆ ಜೋತುಬಿದ್ದು ನಡೆಯುವ ಒಬ್ಬರಿದ್ದಾರೆ. ಅವರು ಬೆಟ್ಟ ಹತ್ತುತ್ತಿದ್ದೇನೆಂದು ತಿಳಿದಿದ್ದಾರೆ. ಅವರ ಭಾರದ ಒಂದು ಪಾಲನ್ನು ಹತ್ತಿಸುತ್ತಿರುವುದು ಆ ಸರಳು.)

ಹಾಗಾದರೆ ನಾನು ಕಳೆದುಕೊಂಡದ್ದು ಏನು? ಯೋಚಿಸಿದಷ್ಟೂ ಆ ಪ್ರಶ್ನೆಯೇ ಕಿವಿಗೆ ಬೀಳುತ್ತದೆ: ಬರುವುದಕ್ಕೆ ಎಷ್ಟು ಉಳಿಸಿಕೊಂಡಿದ್ದೀರಿ? ಐದು ತಿಂಗಳಲ್ಲಿ ಶ್ವಾಸಕೋಶವೂ ತೊಡೆಯೂ ಪಳಗಿದ್ದು ನಿಜ, ಆದರೆ ಎಷ್ಟು ವೇಗವಾಗಿ ಓಡಬೇಕೆಂಬ ತೀರ್ಮಾನವನ್ನು ನಾನು ಒಮ್ಮೆಯೂ ಓಡುತ್ತ ಮಾಡಿರಲಿಲ್ಲ. ನಿಂತುಕೊಂಡೇ ಗುಂಡಿ ಒತ್ತಿ, ಉಳಿದದ್ದನ್ನು ಬೆಲ್ಟಿಗೆ ಬಿಟ್ಟಿದ್ದೆ. ಅದು ನನ್ನನ್ನು ಎಳೆಯಲಿಲ್ಲ, ತಡೆಹಿಡಿದಿತ್ತು. ಹುಮ್ಮಸ್ಸು ಬಂದ ಕ್ಷಣದಲ್ಲಿ ಮುನ್ನುಗ್ಗಿದರೆ ಮುಂದಿನ ಫಲಕಕ್ಕೆ ಎದೆ ತಾಗುತ್ತಿತ್ತು. ಕಣ್ಣಿನ ಪಾಲೂ ಇದರಲ್ಲಿದೆ. ಗೋಡೆಯೊಂದು ಅಲುಗದೆ ಎದುರಿಗೆ ನಿಂತಿರುವಾಗ 10 ಕಿಲೋಮೀಟರ್ ವೇಗವೂ ದೊಡ್ಡ ವೇಗವೆನಿಸುತ್ತದೆ. ಯಂತ್ರದಿಂದ ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಕೋಣೆಯೇ ನಮ್ಮತ್ತ ಧಾವಿಸಿ ಬಂದಂತಾಗುವ ಭ್ರಮೆಯೂ ಇದೇ ಹೊಂದಾಣಿಕೆಯ ಫಲ. ಹೊರಗೆ ಮರಗಳು ಹಿಂದೆ ಸರಿಯತೊಡಗಿದಾಗ ಆ ಹಳೆಯ ಅಳತೆಗೋಲು ಕೆಟ್ಟಿತು. ಎಂದಿನಂತೆಯೇ ಓಡುತ್ತಿದ್ದೇನೆಂದು ತಿಳಿದು, ಎಂದಿಗಿಂತ ವೇಗವಾಗಿ ಓಡಿದ್ದೆ.

ಇನ್ನೊಂದು ಸಂಗತಿಯೂ ಇದೆ. ಹೊರಗೆ ಹೊರಡುವಾಗ "ಹೋಗಿ ಬರುತ್ತೇನೆ" ಎನ್ನುತ್ತೇವೆ, ಬರೀ "ಹೋಗುತ್ತೇನೆ" ಎನ್ನುವುದಿಲ್ಲ. ಟ್ರೆಡ್‌ಮಿಲ್ಲಿನ ಓಟಕ್ಕೆ ಹೋಗುವುದೂ ಇಲ್ಲ, ಬರುವುದೂ ಇಲ್ಲ. ಅಲ್ಲಿ ಕೆಂಪು ಗುಂಡಿ ಬೆರಳಳತೆಯ ದೂರದಲ್ಲಿರುತ್ತದೆ. ಎಲ್ಲಿ ಸಾಕೆನಿಸಿದರೆ ಅಲ್ಲೇ ಮನೆ. ಆದ್ದರಿಂದ ಪ್ರತಿ ನಿಮಿಷವೂ "ನಿಲ್ಲಿಸಲೇ?" ಎಂಬ ಹಟಮಾರಿ ಮಾತಿಗೆ "ಬೇಡ" ಎನ್ನಬೇಕು, ಮತ್ತು ಅದು ಸಣ್ಣ ಕೆಲಸವಲ್ಲ. ಟ್ರೆಡ್‌ಮಿಲ್ಲನ್ನು ಹಳಿಯುವ ರಸ್ತೆ ಓಟಗಾರರು ಇದನ್ನು ಮರೆಯುತ್ತಾರೆ. ಹೊರಗೆ ಆ ಮಾತು ಏಳುವ ಹೊತ್ತಿಗೆ ತಡವಾಗಿರುತ್ತದೆ, ಏಕೆಂದರೆ ನಿಲ್ಲಿಸಿದರೂ ಮನೆ ಮೂರೂವರೆ ಕಿಲೋಮೀಟರ್ ದೂರದಲ್ಲೇ ಇರುತ್ತದೆ. ತೀರ್ಮಾನವೆಲ್ಲ ತಿರುಗುವ ಜಾಗದಲ್ಲಿ, ಕಾಲುಗಳು ಸುಳ್ಳು ಹೇಳುತ್ತಿರುವಾಗ ಆಗಿಹೋಗಿರುತ್ತದೆ. ಬೆನ್ನಿಗೆ ಗಾಳಿಯಿದ್ದಾಗ ಅದನ್ನು ನನ್ನದೇ ಬಲವೆಂದು ಲೆಕ್ಕಕ್ಕೆ ಬರೆದುಕೊಂಡ ಸಂದರ್ಭಗಳು ಓಟದ ಆಚೆಗೂ ಎಷ್ಟಿರಬಹುದೆಂದು ಎಣಿಸಲು ಹೋಗಿ, ಮೂರನೆಯದಕ್ಕೇ ಬಿಟ್ಟುಬಿಟ್ಟೆ.

ಗುರುವಾರದ ಹೊತ್ತಿಗೆ ಯಂತ್ರ ಸರಿಯಾಯಿತು. ಒಮ್ಮೆ ಹತ್ತಿ, ವೇಗ ತೋರಿಸುವ ಫಲಕಕ್ಕೆ ಟವೆಲ್ ಮುಚ್ಚಿ ಓಡಿದೆ. ತರಬೇತುದಾರ ಬಂದು ಟವೆಲ್ ತೆಗೆದು ಮಡಚಿಟ್ಟು ಹೋದ. ಶನಿವಾರ ಮತ್ತೆ ರಸ್ತೆಗೆ ಹೋದೆ. ಈ ಸಲ ಗಾಳಿ ಎದುರಿಗಿತ್ತು. ನಿಧಾನವಾಗಿ ಎರಡೂವರೆ ಕಿಲೋಮೀಟರ್ ಮುಟ್ಟಿದಾಗ ದೂರದಲ್ಲಿ ಆ ಮೋಟುಗೋಡೆಯಿದ್ದ ತಿರುವು ಕಾಣುತ್ತಿತ್ತು. ಕೇಳಿದರೆ ಹೇಳೋಣವೆಂದು, "ಅರ್ಧಕ್ಕಿಂತ ತುಸು ಹೆಚ್ಚು" ಎಂಬ ಉತ್ತರವನ್ನು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದೆ. ಅವರು ಅಲ್ಲಿ ಕುಳಿತಿದ್ದಾರೋ ಇಲ್ಲವೋ ತಿಳಿಯಲು ಇನ್ನೂ ಒಂದು ಕಿಲೋಮೀಟರ್ ಓಡಬೇಕಿತ್ತು. ಹಿಂದಿರುಗಿದೆ.