ಶೋಭಕೃತ್ ಅಲ್ಲ, ಕ್ರೋಧಿ

7 ಸೆಪ್ಟೆಂಬರ್ 2024, ಶನಿವಾರ

ಗಣೇಶನ ಹಬ್ಬ. ಈ ಸಲ ಪುರೋಹಿತರು ಸಿಗಲಿಲ್ಲ, ಮೊಬೈಲ್ ಹಾಕಿಕೊಂಡೇ ಪೂಜೆ. ಮಂತ್ರ ಶುರುವಾಗುತ್ತಿದ್ದ ಹಾಗೆ ದೊಡ್ಡಪ್ಪ "ನಿಲ್ಸು ನಿಲ್ಸು" ಅಂದರು. ರೆಕಾರ್ಡಿಂಗ್ ಹೋದ ವರ್ಷದ್ದು. ಅದರಲ್ಲಿ "ಶೋಭಕೃತ್ ನಾಮ ಸಂವತ್ಸರೇ" ಅಂತಿದೆ, ಈಗ ನಡೀತಿರೋ ವರ್ಷದ ಹೆಸರು ಕ್ರೋಧಿ. "ದೇವರಿಗೆ ಗೊತ್ತಾಗಲ್ವಾ?" ಅಂದ ತಮ್ಮ. ದೊಡ್ಡಪ್ಪ ಒಪ್ಪಲಿಲ್ಲ. ಸಂಕಲ್ಪವನ್ನು, ಅಂದರೆ ಪೂಜೆಗೆ ಮುಂಚೆ ಕಾಲ, ಜಾಗ, ಹೆಸರು ಹೇಳಿ ಮಾಡಿಕೊಳ್ಳುವ ನಿರ್ಧಾರವನ್ನು, ತಾವೇ ಹೇಳಿಕೊಟ್ಟರು.

ನಿಧಾನವಾಗಿ ಹೇಳಿದ್ದಕ್ಕೋ ಏನೋ, ಇವತ್ತು ಪೂರ್ತಿ ಕಿವಿಗೆ ಬಿತ್ತು. ಬೇರೆ ದಿನ ಒಂದೇ ಉಸಿರಿಗೆ ಓಡುತ್ತದೆ. "ಗೋತ್ರ ಹೇಳಿ" ಅಂದಾಗಲೇ ನಮಗೆ ಎಚ್ಚರ. ಹಿಂದೂ ನಂಬಿಕೆ ಅಂದರೇನು ಅಂತ ಯಾರಾದರೂ ಕೇಳಿದರೆ ನಾನಂತೂ ಇಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಬ್ರಹ್ಮನ ವಯಸ್ಸು. ದ್ವಿತೀಯ ಪರಾರ್ಧ, ಅಂದರೆ ಅವನ ನೂರು ವರ್ಷದಲ್ಲಿ ಅರ್ಧ ಕಳೆದಿದೆ. ಅವನ ಒಂದು ಹಗಲು ಒಂದು ಕಲ್ಪ, ನಮ್ಮ ಲೆಕ್ಕದಲ್ಲಿ 432 ಕೋಟಿ ವರ್ಷ. ಈಗಿನದು ಶ್ವೇತವರಾಹ ಕಲ್ಪ. ಒಂದು ಕಲ್ಪಕ್ಕೆ 14 ಮನುಗಳು, ನಮ್ಮ ಪಾಲಿಗೆ ಏಳನೆಯವನು, ವೈವಸ್ವತ. ಅವನ ಕಾಲದ, ಅಂದರೆ ಮನ್ವಂತರದ, 28ನೇ ಕಲಿಯುಗ, ಅದರಲ್ಲೂ ಪ್ರಥಮ ಪಾದ. ಮಾತೆತ್ತಿದರೆ "ಕಲಿಗಾಲ ಕಣಪ್ಪಾ, ಎಲ್ಲಾ ಮುಗೀತು" ಅಂತೀವಲ್ವಾ? ಕಲಿಯುಗದ ಅವಧಿ 4,32,000 ವರ್ಷ. ಪಂಚಾಂಗದ ಪ್ರಕಾರ ಶುರುವಾದದ್ದು ಕ್ರಿ.ಪೂ. 3102ರಲ್ಲಿ. ಕಳೆದಿರೋದು ಬರೀ 5,125. ಇನ್ನೂ ಜಾಸ್ತಿ ನೋಡೋದಿದೆ!

ಆಮೇಲೆ ಜಾಗ: ಜಂಬೂದ್ವೀಪ, ಭರತವರ್ಷ, ಗೋದಾವರಿಯ ದಕ್ಷಿಣ ತೀರ. ಆಮೇಲೆ ಶಾಲಿವಾಹನ ಶಕೆ, ಸಂವತ್ಸರ, ದಕ್ಷಿಣಾಯನ, ವರ್ಷ ಋತು, ಭಾದ್ರಪದ, ಶುಕ್ಲ ಚತುರ್ಥಿ. ಕೋಟಿಗಟ್ಟಲೆ ವರ್ಷದಿಂದ ಇಳಿದಿಳಿದು ಕೊನೆಗೆ ಮಣೆ ಮೇಲೆ ಕೂತು ಆಕಳಿಸುತ್ತಿರುವ ನನ್ನ ತಮ್ಮನ ಗೋತ್ರ, ನಕ್ಷತ್ರ, ಹೆಸರು. ಕೇಳೋದು ಆಯುಸ್ಸು, ಆರೋಗ್ಯ, ಐಶ್ವರ್ಯ. ಅಂಗೈಯ ಅಕ್ಷತೆ ಮೇಲೆ ಒಂದು ಉದ್ಧರಣೆ ನೀರು ಹಾಕಿ ತಟ್ಟೆಗೆ ಬಿಟ್ಟರೆ ಮಾತು ಕೊಟ್ಟಂತೆ. ಪೂಜೆ ಅರ್ಧಕ್ಕೆ ಬಿಟ್ಟು ಏಳುವ ಹಾಗಿಲ್ಲ.

ಹಾಗಂತ ಎಲ್ಲ ಹಿಂದೂಗಳ ಮನೆಯಲ್ಲೂ ಹೀಗೇ ಅಂದುಕೊಳ್ಳಬೇಡಿ. ಮಾರಮ್ಮನ ಗುಡಿಯಲ್ಲಿ ಕಲ್ಪ, ಮನ್ವಂತರ ಯಾರಿಗೂ ಬೇಕಿಲ್ಲ. ತಂಬಿಟ್ಟಿನ ಆರತಿ ಹೊತ್ತು ಬಂದವರು ನೇರವಾಗಿ "ಮಗೀಗೆ ಜ್ವರ ಬಿಡ್ಸವ್ವಾ" ಅಂತಾರೆ. ಆದರೆ ಅದಕ್ಕೂ ಮುಂಚೆ, ಯಾರ ಮನೆ ಸೊಸೆ, ಯಾವ ಬೀದಿಯವಳು ಅನ್ನೋದನ್ನು ಮಾತ್ರ ಅವ್ವನಿಗೆ ಹೇಳಿಯೇ ಹೇಳುತ್ತಾರೆ.